ಹಾಲಿ ಹಣ, ಕಲ್ದಾರ್ ಹಣ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವ್ರತ, ಉಪವಾಸ, ಪಾರಣೆ, ಮಕ್ಕಳ ಮದುವೆ ಇಂಥ ವಿಷಯಗಳವು. ಹಣಕಾಸಿನ ಲೆಕ್ಕ ಕೇಳಿ ಬರೆಯುವವರು ವಿರಳ. ಆದರೆ ದಶಲಕ್ಷಣ ಪರ್ವ ಮುಗಿದ ಮೇಲೆ ಮಕ್ತಲದಿಂದ ಬಂದ ಒಂದು ಪತ್ರ ನಮ್ಮನ್ನು ಬಹಳ ದಿನ ಕೂರಿಸಿತು. ಪತ್ರ ಬರೆದವರು ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯರು. ಅವರದು ಮಕ್ತಲದಲ್ಲಿ ಕಾಳುಕಡಿಯ ವ್ಯಾಪಾರ. ನಡುವಿನವರು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ. ಕಿರಿಯವರು ಗದ್ವಾಲಿನಲ್ಲಿ ಶಿಕ್ಷಕರಾಗಿ ನಿವೃತ್ತರಾದವರು. ಹೆಸರು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ.

ಪರ್ವಕ್ಕೆಂದು ಹಳೆಯ ಮನೆ ಸಾರಿಸಿ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಕಿರ್ದಿ ಪುಸ್ತಕಗಳ ನಡುವೆ ಹಳದಿ ಬಟ್ಟೆಯ ಒಂದು ಗಂಟು ಸಿಕ್ಕಿತು. ಒಳಗೆ ನಿಜಾಮ ಸರ್ಕಾರದ ಹತ್ತು ರೂಪಾಯಿಯ 14 ನೋಟುಗಳು, ಏಳು ಬೆಳ್ಳಿ ರೂಪಾಯಿಗಳು, ಜೊತೆಗೆ ಅಜ್ಜನ ಕೈಬರಹದ ಒಂದು ಚೀಟಿ. ಚೀಟಿಯಲ್ಲಿ ಫಸಲಿ 1357 ಎಂದು ಇಸವಿ. ಹೊಳೆಯಾಚೆಯ ಬಸದಿಗೆ ಮೀಸಲು, ಮನೆಯ ಖರ್ಚಿಗೆ ಮುಟ್ಟಬಾರದು ಎಂದು ಬರೆದಿದೆ. ಅಜ್ಜ ಅದೇ ವರ್ಷ ತೀರಿಕೊಂಡರು. ಗಂಟು ಅಟ್ಟದಲ್ಲೇ ಉಳಿಯಿತು. ಈಗ ಮೊಮ್ಮಕ್ಕಳ ಪ್ರಶ್ನೆ ಇಷ್ಟೇ: ನಾವು ಬಸದಿಗೆ ಎಷ್ಟು ಕೊಡಬೇಕು?

ಹಿರಿಯವರು 147 ರೂಪಾಯಿ ಕೊಟ್ಟು ರಸೀದಿ ಪಡೆದರಾಯಿತು ಎನ್ನುತ್ತಾರೆ. ನಾರಾಯಣಪೇಟೆಯವರು ಹಳೆಯ ನೋಟುಗಳನ್ನು ಸಂಗ್ರಹಿಸುವವರಿಗೆ ಮಾರಿ ಬಂದಷ್ಟನ್ನೂ ಕೊಡೋಣ ಎನ್ನುತ್ತಾರೆ. ಗದ್ವಾಲಿನ ಮೇಷ್ಟ್ರು ಅಂದಿನ ಬೆಳ್ಳಿಯ ಲೆಕ್ಕ ಹಿಡಿದು ಇಂದಿನ ಬೆಲೆ ಕೊಡಬೇಕು ಎಂದು ಹಟ ಹಿಡಿದಿದ್ದಾರೆ. ತೊಂಬತ್ತು ದಾಟಿದ ತಾಯಿ ಮಾತ್ರ, ‘ನಿಮ್ಮಜ್ಜ ಅದನ್ನು ಯಾಕೆ ಕೊಡಲಿಲ್ಲ ಅನ್ನೋದು ಮೊದಲು ತಿಳಕೊಳ್ರಿ’ ಎಂದರಂತೆ.

ತಾಯಿಯ ಮಾತೇ ಸರಿ ಎಂದು ನಮಗೆ ತೋರಿತು. ಆದ್ದರಿಂದ ಈ ತಿಂಗಳು ಆ ನೋಟಿನ ಕಥೆಯನ್ನೇ ಹೇಳುತ್ತೇವೆ.

ಇಂದು ನಾವು ರೂಪಾಯಿ ಎನ್ನುವುದಕ್ಕೆ ಮೂಲ ಶೇರ್ ಶಾ ಸೂರಿಯ ಬೆಳ್ಳಿ ನಾಣ್ಯ. 1540ರಿಂದ 1545ರವರೆಗೆ ಆಳಿದ ಆತ ಸುಮಾರು 178 ಗ್ರೇನ್ ತೂಕದ ಬೆಳ್ಳಿಯ ರೂಪಾಯಿ ಹೊರಡಿಸಿದ. ಮೊಗಲರು ಅದನ್ನೇ ಮುಂದುವರಿಸಿದರು. ಮೊಗಲರ ಬಲ ಕುಂದಿದ ಮೇಲೆ ಊರೂರಿಗೊಂದು ಟಂಕಸಾಲೆ ಎದ್ದಿತು. ಹೆಸರು ದಿಲ್ಲಿಯ ಬಾದಶಹನದು, ಮುದ್ರೆ ಸ್ಥಳೀಯ ದೊರೆಯದು, ಬೆಳ್ಳಿ ಸಾಹುಕಾರನದು.

ನಮ್ಮ ವಾಚಕರಲ್ಲಿ ಬಹಳ ಮಂದಿಗೆ ಗೊತ್ತಿರಲಾರದು, ನಾರಾಯಣಪೇಟೆಯಲ್ಲೇ ಒಂದು ಟಂಕಸಾಲೆ ಇತ್ತು. ಸೀರೆಗೆ ಹೆಸರಾದ ಆ ಪೇಟೆ ಆಗ ಲೋಕಪಲ್ಲಿ ಸಂಸ್ಥಾನಕ್ಕೆ ಸೇರಿದ್ದು. ಅಲ್ಲಿ ಅಚ್ಚಾದ ನಾಣ್ಯಗಳ ಮೇಲೆ ಊರಿನ ಹೆಸರು ದಿಲ್‌ಶಾದಾಬಾದ್ ಎಂದಿರುತ್ತದೆ, ಬಾದಶಹ ಶಾ ಆಲಂನ ಹೆಸರೂ ಇರುತ್ತದೆ. ಗದ್ವಾಲಿನ ಸಂಸ್ಥಾನದವರೂ ತಮ್ಮ ನಾಣ್ಯ ಅಚ್ಚು ಹಾಕಿಸುತ್ತಿದ್ದರು, ಅದು ರಾಯಚೂರು ಸೀಮೆಯಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. ವನಪರ್ತಿಯದು ಬೇರೆ, ಸುರಪುರದ್ದು ಬೇರೆ. ಮಕ್ತಲದ ಸಂತೆಗೆ ಜೋಳದ ಚೀಲ ತಂದ ರೈತನ ಕೈಗೆ ಒಂದೇ ದಿನ ನಾಲ್ಕು ಊರಿನ ರೂಪಾಯಿ ಬಂದರೂ ಆಶ್ಚರ್ಯವಿರಲಿಲ್ಲ. ನಾಲ್ಕೂ ರೂಪಾಯಿಯೇ, ಆದರೆ ನಾಲ್ಕರ ಬೆಳ್ಳಿಯೂ ಒಂದೇ ಅಲ್ಲ. ಸರಾಫ ಅದನ್ನು ಕಲ್ಲಿನ ಮೇಲೆ ಕುಟ್ಟಿ ದನಿ ಕೇಳಿ, ಒರೆ ಹಚ್ಚಿ, ತೂಗಿ, ಇಷ್ಟು ವಟ್ಟ ಮುರಿದುಕೊಂಡು ಬದಲು ಕೊಡುತ್ತಿದ್ದ. ಆ ವಟ್ಟದಲ್ಲೇ ಅವನ ಬದುಕು. ಬಡವನಿಗೆ ಪ್ರತಿ ಸಂತೆಗೂ ಅಷ್ಟು ನಷ್ಟ.

ಈ ವಿದ್ಯೆಯಲ್ಲಿ ನಮ್ಮವರು ಹಿಂದಿನಿಂದಲೂ ಪಳಗಿದವರು ಎಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಸೇಡಂ ಹತ್ತಿರದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕ, ಬೇರೆ ಬೇರೆ ಬಣ್ಣದ ಚಿನ್ನ ಕೂಡಿಸಿದರೆ ಬರುವ ಬಣ್ಣದ ಲೆಕ್ಕ ಎಲ್ಲವನ್ನೂ ಕೊಟ್ಟಿದ್ದಾರೆ. ದಿಲ್ಲಿಯ ಟಂಕಸಾಲೆಯಲ್ಲಿ ಕೆಲಸ ಮಾಡಿದ ಠಕ್ಕುರ ಫೇರು ಎಂಬ ಶ್ರೀಮಾಲ ಜೈನ ಗೃಹಸ್ಥ 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ಪ್ರಾಕೃತದಲ್ಲಿ ಬರೆದ. ಯಾವ ನಾಣ್ಯದಲ್ಲಿ ಎಷ್ಟು ಬೆಳ್ಳಿ, ಎಷ್ಟು ತಾಮ್ರ, ಅದರ ಬೆಲೆ ಎಷ್ಟು ಎಂದು ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ವಿವರ ಅದರಲ್ಲಿದೆ. ಅದನ್ನು ಆತ ಬರೆದದ್ದು ತನ್ನ ತಮ್ಮನಿಗೂ ಮಗನಿಗೂ ತಿಳಿಯಲೆಂದು. ಮನೆಯವರಿಗಾಗಿ ಬರೆದ ಪುಸ್ತಕ ಏಳು ನೂರು ವರ್ಷದ ಮೇಲೂ ವಿದ್ವಾಂಸರ ಕೈಯಲ್ಲಿದೆ. ಮುರ್ಷಿದಾಬಾದಿನ ಜಗತ್ ಸೇಠರ ವಿಷಯ ಎಲ್ಲರೂ ಬಲ್ಲದ್ದೇ. ಅವರ ಐಶ್ವರ್ಯ ಎಷ್ಟು ಎತ್ತರಕ್ಕೆ ಏರಿತೋ ಅಷ್ಟೇ ಬೇಗ ಕರಗಿದ್ದೂ ಗೊತ್ತಿರುವುದೇ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹೈದರಾಬಾದಿಗೆ ಬರೋಣ. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಈ ಊರೂರ ಟಂಕಸಾಲೆಗಳ ಗೊಂದಲವನ್ನು ಕಂಡು, ರಾಜಧಾನಿಯ ಒಂದೇ ನಾಣ್ಯ ನಡೆಯಬೇಕೆಂದು ತೀರ್ಮಾನಿಸಿದರು. ಹಾಗೆ ಹುಟ್ಟಿದ್ದು ಹಾಲಿ ಸಿಕ್ಕ. ಹಾಲಿ ಎಂದರೆ ಈಗ ನಡೆಯುತ್ತಿರುವುದು ಎಂದಷ್ಟೇ ಅರ್ಥ. ನಮ್ಮ ಕನ್ನಡದಲ್ಲಿ ಹಾಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು ಎನ್ನುತ್ತೇವಲ್ಲ, ಅದೇ ಹಾಲಿ. 1857ರ ದಂಗೆಯ ನಂತರ ದಿಲ್ಲಿಯ ಬಾದಶಹನೇ ಇಲ್ಲವಾದ ಮೇಲೆ ಅವನ ಹೆಸರು ತೆಗೆದು ನಿಜಾಮ್ ಉಲ್ ಮುಲ್ಕ್ ಆಸಫ್ ಜಾಹ್ ಎಂಬ ಹೆಸರು ಹಾಕಿದರು. ಕ್ರಮೇಣ ನಾರಾಯಣಪೇಟೆ, ಗದ್ವಾಲುಗಳ ಅಚ್ಚುಗಳು ನಿಂತವು.

ಇನ್ನೊಂದು ಕಡೆ ಬ್ರಿಟಿಷರ ರೂಪಾಯಿ. ಅದು ಯಂತ್ರದಲ್ಲಿ ಅಚ್ಚಾಗಿ ಬರುತ್ತಿದ್ದುದರಿಂದ ಜನ ಅದನ್ನು ಕಲ್ದಾರ್ ಎಂದರು, ಕಲ್ ಎಂದರೆ ಯಂತ್ರ. ಹೈದರಾಬಾದಿನಲ್ಲೂ ಆಮೇಲೆ ಯಂತ್ರ ಬಂತು. 1903ರಲ್ಲಿ ಸೈಫಾಬಾದಿನಲ್ಲಿ ಟಂಕಸಾಲೆಯ ಹೊಸ ಕಟ್ಟಡವೆದ್ದಿತು, ನಾಣ್ಯದ ಮೇಲೆ ಚಾರ್‌ಮಿನಾರ್ ಬಂತು. ಚಾರ್‌ಮಿನಾರಿನ ಬಾಗಿಲಿನೊಳಗೆ ಒಂದು ಅಕ್ಷರ ಕಾಣುತ್ತದೆ. ಮೀಮ್ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ಐನ್ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರ ಕಾಲದ್ದು. ಮಕ್ತಲದ ಗಂಟಿನ ಏಳು ರೂಪಾಯಿಗಳಲ್ಲೂ ಐನ್ ಅಕ್ಷರವೇ ಇದೆಯೆಂದು ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿ ತಿಳಿಸಿದ್ದಾರೆ.

ಹಾಗಾಗಿ ಹೈದರಾಬಾದ್ ಸೀಮೆಯ ವ್ಯಾಪಾರಿಗೆ ಜನ್ಮವಿಡೀ ಎರಡು ಲೆಕ್ಕ. ಊರೊಳಗೆ ಹಾಲಿ, ಹೊರಗೆ ಕಲ್ದಾರ್. ಸೊಲ್ಲಾಪುರದ ನೂಲು ತರಿಸಿದರೆ ಕಲ್ದಾರ್ ಕೊಡಬೇಕು. ಅದೇ ನೂಲಿನಿಂದ ನೇಯ್ದ ಸೀರೆಯನ್ನು ಹೈದರಾಬಾದಿನಲ್ಲಿ ಮಾರಿದರೆ ಹಾಲಿ ಬರುತ್ತದೆ. ಪತ್ರ, ಹುಂಡಿ, ಸಾಲದ ಕರಾರುಗಳಲ್ಲಿ ರೂಪಾಯಿ ಎಂದಷ್ಟೇ ಬರೆದರೆ ಸಾಲದು, ಯಾವ ರೂಪಾಯಿ ಎಂದು ಹೇಳಲೇಬೇಕು. ಮರೆತರೆ ಜಗಳ ಖಂಡಿತ.

ದರ ಏಳಕ್ಕೆ ಆರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಮಕ್ಕಳು ಬೇಕಾದರೆ 16 ಆಣೆಗೆ ರೂಪಾಯಿ, 12 ಪೈಗೆ ಆಣೆ ಎಂದು ಹಿಡಿದು ತಾಳೆ ನೋಡಲಿ, ಸರಿಯಾಗಿ ಬರುತ್ತದೆ. ಈ ದರ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬೆಳ್ಳಿಯಲ್ಲೇ ಇದೆ. ಹಾಲಿ ರೂಪಾಯಿಯ ತೂಕ 11.178 ಗ್ರಾಂ, ಅದರಲ್ಲಿ ಸಾವಿರಕ್ಕೆ 818 ಪಾಲು ಶುದ್ಧ ಬೆಳ್ಳಿ, ಅಂದರೆ ಸುಮಾರು 9.14 ಗ್ರಾಂ. ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಏಳು ಹಾಲಿಯ ಬೆಳ್ಳಿ 64 ಗ್ರಾಂ, ಆರು ಕಲ್ದಾರಿನ ಬೆಳ್ಳಿಯೂ 64 ಗ್ರಾಂ. ದರವನ್ನು ಯಾರೂ ಗಾಳಿಯಲ್ಲಿ ಕಟ್ಟಲಿಲ್ಲ. ನಡುವೆ 1893ರಲ್ಲಿ ಬ್ರಿಟಿಷರು ತಮ್ಮ ಟಂಕಸಾಲೆಗಳಲ್ಲಿ ಜನರ ಬೆಳ್ಳಿಗೆ ಅಚ್ಚು ಹಾಕಿಕೊಡುವುದನ್ನು ನಿಲ್ಲಿಸಿದಾಗ ಕಲ್ದಾರಿನ ಬೆಲೆ ಬೆಳ್ಳಿಯನ್ನು ಬಿಟ್ಟು ಮೇಲೆ ನಿಂತಿತು, ಹಾಲಿ ಮಾತ್ರ ಬೆಳ್ಳಿಯ ಜೊತೆಗೇ ಇಳಿಯಿತು. ಆಗ ಕೈ ಸುಟ್ಟುಕೊಂಡ ವ್ಯಾಪಾರಿಗಳು ಎಷ್ಟೋ ಮಂದಿ. ಮುಂದೆ ಸರ್ಕಾರ ಅದನ್ನು ಮತ್ತೆ ಈ ದರದ ಸುತ್ತಮುತ್ತ ನಿಲ್ಲಿಸಿತು.

ಇನ್ನು ಕಾಗದದ ಹಣ. ನೋಟು ಹೊರಡಿಸಬೇಕೆಂಬ ಆಸೆ ಹೈದರಾಬಾದಿಗೆ ಮೊದಲಿಂದಲೂ ಇತ್ತು, ಬ್ರಿಟಿಷರು ಒಪ್ಪುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. ಯುದ್ಧಕ್ಕೆ ನಿಜಾಮರು ಕೊಟ್ಟ ನೆರವೂ ದೊಡ್ಡದಾಗಿತ್ತು. 1918ರಲ್ಲಿ ಒಪ್ಪಿಗೆ ಸಿಕ್ಕಿ, ಹತ್ತು ಮತ್ತು ನೂರು ರೂಪಾಯಿಯ ನೋಟುಗಳು ಹೊರಬಂದವು. ಮರುವರ್ಷ ಒಂದು ಮತ್ತು ಐದು ರೂಪಾಯಿಯವು. 1926ರಲ್ಲಿ ಸಾವಿರದ್ದು. ಲಂಡನ್ನಿನ ವಾಟರ್ಲೋ ಕಂಪನಿ ಅಚ್ಚು ಹಾಕುತ್ತಿತ್ತು. ಮುಂದೆ ನಾಸಿಕದಲ್ಲಿ ಮುದ್ರಣಾಲಯ ಬಂದ ಮೇಲೆ ಅಲ್ಲಿ ಅಚ್ಚಾಗತೊಡಗಿತು. ದೇಶೀಯ ಸಂಸ್ಥಾನಗಳಲ್ಲಿ ಭಾರತದೊಡನೆ ಸೇರಿದ ಮೇಲೂ ತನ್ನ ನೋಟು ನಡೆಸಿಕೊಂಡು ಬಂದದ್ದು ಹೈದರಾಬಾದ್ ಒಂದೇ.

ಆ ನೋಟಿನಲ್ಲಿ ನಮಗೆ ಬಹಳ ಪ್ರಿಯವಾದದ್ದು ಭಾಷೆಗಳು. ಉರ್ದು, ಇಂಗ್ಲಿಷ್, ತೆಲುಗು, ಮರಾಠಿ, ಅವುಗಳ ಜೊತೆಗೆ ನಮ್ಮ ಕನ್ನಡ. ಶಾಲೆಯಲ್ಲಿ ಕನ್ನಡ ಕಲಿಯಲು ಹೈದರಾಬಾದ್ ಸೀಮೆಯ ಮಕ್ಕಳು ಪಟ್ಟ ಪಾಡು ಹಿರಿಯರಿಗೆ ಗೊತ್ತು. ಕಚೇರಿಯಲ್ಲಿ ಉರ್ದು, ಅರ್ಜಿಯಲ್ಲಿ ಉರ್ದು, ದಸ್ತೈವಜಿನಲ್ಲಿ ಉರ್ದು. ಆದರೆ ಅದೇ ಸರ್ಕಾರ ನೋಟಿನ ಮೇಲೆ ಕನ್ನಡವನ್ನು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಓದಲಾಗದ ಕಾಗದವನ್ನು ನಂಬಿ ಯಾವ ರೈತ ಜೋಳ ಅಳೆದುಕೊಟ್ಟಾನು? ಇಂದಿನ ರಿಸರ್ವ್ ಬ್ಯಾಂಕಿನ ನೋಟಿನ ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ, ಅಸ್ಸಾಮಿ, ಬಂಗಾಳಿ, ಗುಜರಾತಿಗಳ ನಂತರ ನಾಲ್ಕನೆಯ ಸಾಲು ಕನ್ನಡ. ಮಕ್ತಲ, ಮಾಗನೂರು, ಕೃಷ್ಣಾ ಕಡೆಯ ನಮ್ಮ ಮಕ್ಕಳು ತೆಲಂಗಾಣದಲ್ಲಿದ್ದರೂ ಜೇಬಿನಲ್ಲಿ ಆ ಸಾಲು ಇದ್ದೇ ಇದೆ. ತೋರಿಸಿ ಓದಿಸಿರಿ.

ಇಲ್ಲೊಂದು ಉಪಕಥೆ. 1922ರ ಮೇ 20ರಂದು ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ಕರಾವಳಿಯ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಗಿಲಾದ ಚಿನ್ನ ಬೆಳ್ಳಿ ಇತ್ತು. ಜೊತೆಗೆ ನಿಜಾಮ ಸರ್ಕಾರಕ್ಕೆಂದು ಅಚ್ಚಾದ ಹೊಸ ನೋಟುಗಳ ಕಟ್ಟುಗಳೂ ಇದ್ದವು. ಇಟಲಿಯ ಮುಳುಗುಗಾರರು ವರ್ಷಗಟ್ಟಲೆ ಹುಡುಕಿ, ನಡುವೆ ತಮ್ಮ ಒಂದು ಹಡಗನ್ನೂ ಜನರನ್ನೂ ಕಳೆದುಕೊಂಡು, 1932ರಲ್ಲಿ ನಾನೂರು ಅಡಿ ಆಳದ ಆ ಕೋಣೆಯನ್ನು ಒಡೆದಾಗ ಚಿನ್ನಕ್ಕಿಂತ ಮೊದಲು ಮೇಲೆ ಬಂದದ್ದು ಹೈದರಾಬಾದಿನ ನೋಟುಗಳು. ಹತ್ತು ವರ್ಷ ಸಮುದ್ರದ ತಳದಲ್ಲಿದ್ದರೂ ಅಕ್ಷರ ಮಾಸಿರಲಿಲ್ಲ. ಆದರೆ ಅವುಗಳ ಮೇಲೆ ಅಧಿಕಾರಿಯ ರುಜು ಬಿದ್ದಿರಲಿಲ್ಲ. ರುಜು ಇಲ್ಲದ ನೋಟು ಬರೀ ಕಾಗದ. ಪಕ್ಕದ ಚಿನ್ನದ ಗಟ್ಟಿಗಳಿಗೆ ಯಾರ ರುಜುವೂ ಬೇಕಿರಲಿಲ್ಲ. ಮಕ್ತಲದ ಗಂಟಿನಲ್ಲೂ ಇದೇ ಭೇದ ಇದೆ, 14 ನೋಟು ಬೇರೆ, ಏಳು ಬೆಳ್ಳಿ ರೂಪಾಯಿ ಬೇರೆ.

ಈಗ ತಾಯಿಯವರು ಕೇಳಿದ ಪ್ರಶ್ನೆ. ಅಜ್ಜ ಯಾಕೆ ಕೊಡಲಿಲ್ಲ?

ಹೈದರಾಬಾದಿನ ಫಸಲಿ ಇಸವಿಗೆ 590 ಅಥವಾ 591 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ವರ್ಷ ಅಕ್ಟೋಬರದಲ್ಲಿ ಬದಲಾಗುತ್ತದೆ. ಫಸಲಿ 1357 ಎಂದರೆ 1947ರ ಅಕ್ಟೋಬರದಿಂದ 1948ರ ಅಕ್ಟೋಬರದವರೆಗೆ. ಆ ವರ್ಷ ಏನೆಂಬುದನ್ನು ಕಲ್ಯಾಣ ಕರ್ನಾಟಕದವರಿಗೂ ಪಾಲಮೂರಿನವರಿಗೂ ಹೇಳಬೇಕಾಗಿಲ್ಲ. 1947ರ ನವೆಂಬರ 29ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ನಿಜಾಮ ಸರ್ಕಾರ ಎರಡು ಆಜ್ಞೆ ಹೊರಡಿಸಿತು. ಚಿನ್ನ ಬೆಳ್ಳಿ ಸಂಸ್ಥಾನದಿಂದ ಹೊರಗೆ ಹೋಗಬಾರದು ಎಂಬುದು ಒಂದು. ಭಾರತದ ರೂಪಾಯಿ ಸಂಸ್ಥಾನದಲ್ಲಿ ಚಲಾವಣೆಯ ಹಣವಲ್ಲ ಎಂಬುದು ಇನ್ನೊಂದು. ದಿಲ್ಲಿ ಇದನ್ನು ಒಪ್ಪಂದದ ಭಂಗವೆಂದು ಪ್ರತಿಭಟಿಸಿತು. ಗಡಿಯಲ್ಲಿ ನಾಕಾಗಳು ಬಿಗಿಯಾದವು. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ತುಂಗಭದ್ರೆ ದಾಟಿ ಕರ್ನೂಲು, ಬಳ್ಳಾರಿ ಕಡೆಗೆ ಹೋದವು.

ಅಜ್ಜ ಹರಕೆ ಹೊತ್ತ ಬಸದಿ ಹೊಳೆಯಾಚೆ, ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ. ಅಲ್ಲಿ ಹಾಲಿ ನೋಟು ನಡೆಯದು. ಕಲ್ದಾರಿಗೆ ಬದಲಿಸೋಣವೆಂದರೆ ಊರಿನ ಪೇಟೆಯಲ್ಲಿ ಬಹಿರಂಗವಾಗಿ ಬದಲಿಸಿಕೊಡುವ ಸರಾಫನಿಲ್ಲ. ಬೆಳ್ಳಿಯನ್ನೇ ಒಯ್ಯೋಣವೆಂದರೆ ಅದೂ ನಿಷಿದ್ಧ. ಕಳ್ಳದಾರಿಯಲ್ಲಿ ದಾಟಿಸಿದವರು ಇದ್ದರು, ಬೇಕಾದಷ್ಟು ಮಂದಿ. ಆ ಮಾರ್ಗ ಅಜ್ಜನಿಗೂ ತೆರೆದೇ ಇತ್ತು. ಅಚೌರ್ಯಾಣುವ್ರತಕ್ಕೆ ಶಾಸ್ತ್ರ ಹೇಳುವ ಐದು ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಒಂದು, ರಾಜ್ಯದ ಕಟ್ಟಳೆ ಮೀರಿ ಸರಕು ಸಾಗಿಸುವುದು. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಇನ್ನೊಂದು. ಅಸಲಿನ ಬದಲು ನಕಲಿ ಕೊಡುವ ‘ಪ್ರತಿರೂಪಕ ವ್ಯವಹಾರ’ ಮತ್ತೊಂದು. ಅಜ್ಜ ಅಣುವ್ರತ ಸ್ವೀಕರಿಸಿದ್ದ ಶ್ರಾವಕರು ಎಂದು ತಾಯಿಯವರು ಹೇಳುತ್ತಾರೆ. ದಾನಕ್ಕೆಂದು ಎತ್ತಿಟ್ಟ ಹಣವನ್ನು ಕಳ್ಳದಾರಿಯಲ್ಲಿ ಸಾಗಿಸಿ ದೇವರ ಮುಂದೆ ಇಡಲು ಆ ಮನುಷ್ಯನಿಗೆ ಮನಸ್ಸು ಬರಲಿಲ್ಲ ಎಂದು ನಾವು ತಿಳಿಯುತ್ತೇವೆ. ಹಾದಿ ತೆರೆಯಲಿ, ಆಮೇಲೆ ಒಯ್ದರಾಯಿತು ಎಂದು ಕಟ್ಟಿಟ್ಟರು. 1948ರ ಸೆಪ್ಟೆಂಬರ 17ರಂದು ಹೈದರಾಬಾದ್ ಶರಣಾಯಿತು, ಹಾದಿ ತೆರೆಯಿತು. ಅಷ್ಟರಲ್ಲಿ ಅಜ್ಜ ಇರಲಿಲ್ಲ.

ಮೊಮ್ಮಕ್ಕಳು ಈವರೆಗೆ ಅಜ್ಜ ಮರೆತರು ಎಂದೇ ಭಾವಿಸಿದ್ದರಂತೆ.

ಆಮೇಲೆ ಹಾಲಿ ನೋಟು ಏನಾಯಿತು ಎಂಬುದನ್ನು ಬೇಗ ಹೇಳಿಬಿಡುತ್ತೇವೆ. 1950ರಿಂದ ಭಾರತದ ರೂಪಾಯಿಯೂ ಹಾಲಿಯೂ ಜೊತೆಜೊತೆಗೆ ನಡೆದವು, ದರ ಅದೇ ಏಳಕ್ಕೆ ಆರು. ಹಾಲಿಯನ್ನು ಮೆಲ್ಲನೆ ಹಿಂತೆಗೆದುಕೊಳ್ಳುತ್ತ ಬಂದರು. 1956ರ ನವೆಂಬರ 1ರಂದು ರಾಜ್ಯಗಳೇ ಬದಲಾದವು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲು, ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು, ಉಳಿದ ರಾಯಚೂರು ಮೈಸೂರಿಗೆ ಬಂತು. 1957ರ ಏಪ್ರಿಲ್ 1ರಿಂದ ನಯಾಪೈಸೆ. ಆ ಎರಡು ಮೂರು ವರ್ಷ ಸಂತೆಯಲ್ಲಿ ಹಾಲಿ ಆಣೆ, ಕಲ್ದಾರ್ ಆಣೆ, ನಯಾಪೈಸೆ ಎಂದು ಮೂರು ಬಗೆಯ ಚಿಲ್ಲರೆ. ಸೊಪ್ಪು ಮಾರುವ ಮುದುಕಿಯರು ಅದನ್ನು ಬಾಯಿಲೆಕ್ಕದಲ್ಲೇ ನಿಭಾಯಿಸಿದರು. ನಮ್ಮಂಥ ಓದಿದವರಿಗೆ ಕಾಗದ ಪೆನ್ಸಿಲು ಬೇಕಾಗುತ್ತಿತ್ತು. 1959ರಲ್ಲಿ ಹಾಲಿಯ ಕಥೆ ಮುಗಿಯಿತು. ನೋಟಿನ ವ್ಯವಹಾರ ನೋಡಿಕೊಳ್ಳಲೆಂದು 1942ರಲ್ಲಿ ಆರಂಭವಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದಾಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಸೈಫಾಬಾದಿನ ಹಳೆಯ ಟಂಕಸಾಲೆಯಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ, ಹೈದರಾಬಾದಿಗೆ ಹೋದವರು ಮಕ್ಕಳನ್ನು ಕರೆದೊಯ್ಯಬಹುದು.

ಇನ್ನು ಲೆಕ್ಕ. ಹಿರಿಯವರು ಹೇಳುವ 147 ರೂಪಾಯಿ ಲೆಕ್ಕವಾಗಿ ನೋಡಿದರೂ ತಪ್ಪು. ಅದು ಹಾಲಿ. ಕಲ್ದಾರಿಗೆ ತಿರುಗಿಸಿದರೆ 126 ಆಗುತ್ತದೆ. 126 ರೂಪಾಯಿಗೆ ಈಗ ಬಸದಿಯ ಒಂದು ದಿನದ ಹಾಲು ಹೂವೂ ಬರುವುದಿಲ್ಲ. ಕಾನೂನಿನ ಪ್ರಕಾರ ಅದೂ ಬಾಕಿ ಇಲ್ಲ, 1959ಕ್ಕೇ ತೀರಿಹೋಯಿತು ಎಂದು ವಾದಿಸುವವರಿದ್ದಾರೆ. 2016ರ ನವೆಂಬರ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟ ಹೆಣ್ಣುಮಕ್ಕಳು ಬ್ಯಾಂಕಿನ ಸಾಲಿನಲ್ಲಿ ನಿಂತದ್ದನ್ನು ಕಂಡಿದ್ದೇವೆ. ನೋಟು ರದ್ದಾದರೆ ಸರ್ಕಾರ ಕೊಟ್ಟ ಮಾತು ಮುಗಿಯುತ್ತದೆ. ಅಜ್ಜ ಕೊಟ್ಟ ಮಾತು ಬೇರೆ, ಅದಕ್ಕೆ ಸರ್ಕಾರದ ಮುದ್ರೆ ಇಲ್ಲ.

ನಾರಾಯಣಪೇಟೆಯವರ ಸಲಹೆಯಲ್ಲಿ ತಪ್ಪಿಲ್ಲ. ಗಂಟು ಇಡಿಯಾಗಿ ಬಸದಿಯದು, ಮಾರಿದರೆ ಬಂದದ್ದೂ ಬಸದಿಯದು. ಆದರೆ ಅಂಥ ನೋಟುಗಳ ಬೆಲೆ ಅವುಗಳ ಸ್ಥಿತಿ, ರುಜು, ಸಂಖ್ಯೆಗಳ ಮೇಲೆ ಹೋಗುತ್ತದೆ. ಮೊದಲು ಬಂದ ಗಿರಾಕಿ ಹೇಳಿದ ಬೆಲೆಗೆ ಕೊಟ್ಟುಬಿಡುವುದು ದೇವದ್ರವ್ಯಕ್ಕೆ ನಷ್ಟ ಮಾಡಿದ ಹಾಗೆ. ಬಸದಿಯವರಿಗೇ ಒಪ್ಪಿಸಿ, ಅವರ ಎದುರಿಗೇ ಬೆಲೆ ಕಟ್ಟಿಸುವುದು ಲೇಸು.

ಮೇಷ್ಟ್ರ ಲೆಕ್ಕ ಬಹಳ ಕಠಿಣ. 140 ರೂಪಾಯಿಯ ನೋಟು ಎಂದರೆ 140 ಬೆಳ್ಳಿ ರೂಪಾಯಿಗೆ ಮಾತು ಕೊಟ್ಟ ಹಾಗೆ ಎಂದು ಹಿಡಿದರೆ, ಹಳೆಯ ರೂಪಾಯಿಯ ತೂಕದಲ್ಲಿ ಶುದ್ಧ ಬೆಳ್ಳಿ ಸುಮಾರು 1280 ಗ್ರಾಂ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತ್ತು. ಅಂದರೆ ಮೂವರ ಮೇಲೆ ತಲಾ ನಲವತ್ತು ಸಾವಿರಕ್ಕೂ ಹೆಚ್ಚು. ಹಿರಿಯವರಿಗೆ ಅದು ಭಾರ ಎಂಬುದು ಪತ್ರದಲ್ಲಿ ಸಾಲುಗಳ ನಡುವೆ ಕಾಣುತ್ತದೆ, ಈ ವರ್ಷ ಮಗಳ ಮದುವೆ ಬೇರೆ ಇದೆ. ಅಲ್ಲದೆ ಮೇಷ್ಟ್ರ ಲೆಕ್ಕದಲ್ಲಿ ಒಂದು ತೊಡಕಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದ್ ತನ್ನ ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಅಜ್ಜ ಗಂಟು ಕಟ್ಟಿದ ವರ್ಷದಲ್ಲಿ ನೋಟಿಗೆ ಬದಲಾಗಿ 818ರ ಬೆಳ್ಳಿ ಕೈಗೆ ಬರುತ್ತಿತ್ತು ಎನ್ನುವ ಹಾಗಿಲ್ಲ. ಅರ್ಧ ಬೆಳ್ಳಿಯ ರೂಪಾಯಿ ಹಿಡಿದರೆ ಲೆಕ್ಕ 782 ಗ್ರಾಮಿಗೆ ಇಳಿಯುತ್ತದೆ.

ನಮ್ಮ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇವೆ. ಗಂಟನ್ನು ಬಿಚ್ಚಿ ಹಂಚದೆ, ಚೀಟಿಯ ಸಮೇತ, ಹಾಗೆಯೇ ಬಸದಿಗೆ ಒಪ್ಪಿಸಿರಿ. ಅಜ್ಜ ಮೀಸಲಿಟ್ಟದ್ದು ಅದು. ಅದರ ಮೇಲೆ ನೀವು ಕೊಡುವುದು ನಿಮ್ಮ ದಾನ, ಅಜ್ಜನ ಸಾಲವಲ್ಲ. ಅದು ಮೂವರೂ ತಮ್ಮ ತಮ್ಮ ಶಕ್ತಿಯಂತೆ ಕೊಡತಕ್ಕದ್ದು, ಸಮನಾಗಿರಬೇಕೆಂದೇನೂ ಇಲ್ಲ. ಮೇಷ್ಟ್ರು ತಮ್ಮ ಪಾಲು ಬೆಳ್ಳಿಯ ಲೆಕ್ಕದಲ್ಲೇ ಕೊಡಲಿ, ಅಣ್ಣನ ಪಾಲನ್ನು ತಾವು ಲೆಕ್ಕ ಹಾಕುವುದು ಬೇಡ. ಪಂಡಿತರಲ್ಲಿ ಬೇರೆ ಅಭಿಪ್ರಾಯವಿದ್ದರೆ ಬರೆಯಲಿ, ಪ್ರಕಟಿಸುತ್ತೇವೆ.

ಇಷ್ಟನ್ನು ಬರೆದು ಅಚ್ಚಿಗೆ ಕಳಿಸುವ ಹೊತ್ತಿಗೆ ಗದ್ವಾಲಿನಿಂದ ಒಂದು ಕಾರ್ಡು ಬಂತು. ಮೇಷ್ಟ್ರು ಏಳೂ ನಾಣ್ಯಗಳನ್ನು ಅಕ್ಕಸಾಲಿಗರಲ್ಲಿ ಒರೆ ಹಚ್ಚಿಸಿದರಂತೆ. ಐದು ಹಳೆಯ ಬೆಳ್ಳಿ, ಎರಡು ಯುದ್ಧಕಾಲದ ಅರ್ಧ ಬೆಳ್ಳಿ. ಅಜ್ಜನಿಗೆ ಆ ಭೇದ ಗೊತ್ತಿತ್ತೆಂದು ಕಾಣುತ್ತದೆ, ಆ ಎರಡನ್ನು ಬೇರೆ ಚಿಂದಿಯಲ್ಲಿ ಸುತ್ತಿಟ್ಟಿದ್ದರು, ಮೊದಲು ಅದನ್ನು ಯಾರೂ ಗಮನಿಸಿರಲಿಲ್ಲ ಎಂದು ಬರೆದಿದ್ದಾರೆ. ಕಾರ್ತಿಕದಲ್ಲಿ ತಾಯಿಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಮೂವರೂ ಹೊಳೆ ದಾಟುವುದೆಂದು ನಿಶ್ಚಯಿಸಿದ್ದಾರೆ. ಗಂಟನ್ನು ಮಡಿಲಲ್ಲಿ ಇಟ್ಟುಕೊಳ್ಳುವವರು ತಾಯಿಯವರೇ.